ಕೇಳಿದ್ದು ಯಾರನ್ನು, ಕೊಟ್ಟದ್ದು ಯಾರಿಗೆ?

ಕಳೆದ ತಿಂಗಳೆಲ್ಲ ನಾನು ಸ್ಪಾಟಿಫೈಯಲ್ಲಿ ಕೇಳಿದ್ದು ಶರೀಫರ ತತ್ವಪದಗಳನ್ನೇ. ನನ್ನ ಚಂದಾ ಹಣ ಮಾತ್ರ ಆ ಗಾಯಕರಿಗೇ ಹೋಗಲಿಲ್ಲ. ಅಲ್ಲಿ ಎಲ್ಲರ ಹಣವೂ ಒಂದೇ ರಾಶಿಗೆ ಬಿದ್ದು, ಒಟ್ಟು ಆಲಿಕೆಯಲ್ಲಿ ಯಾರ ಪಾಲೆಷ್ಟೋ ಅಷ್ಟು ಹಂಚಿಕೆಯಾಗುತ್ತದೆ. ನಾನು ಕೇಳದ ಸಿನಿಮಾ ಹಾಡಿಗೂ ನನ್ನ ದುಡ್ಡಿದೆ. 2024ರಿಂದ ಇನ್ನೊಂದು ನಿಯಮ: ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ರಾಯಧನವೇ ಇಲ್ಲ. ಅಷ್ಟು ಚಿಲ್ಲರೆ ಕಲಾವಿದರ ಕೈಗೆ ತಲುಪುವುದೇ ಅಪರೂಪ ಎಂಬುದು ಕಂಪನಿಯ ಸಮಜಾಯಿಷಿ. ಆದರೆ ಆ ಚಿಲ್ಲರೆ ಆವಿಯಾಗುವುದಿಲ್ಲ, ಹೆಚ್ಚು ಕೇಳಿಸಿಕೊಂಡವರ ಪಾಲಿಗೆ ಸೇರುತ್ತದೆ. ತತ್ವಪದ ಕಟ್ಟಿದವರಿಗಾದರೂ ಅಂಕಿತವಿತ್ತು. ಹಾಡುವವರಿಗೆ ಈಗ ಅಂಕಿಯೂ ಇಲ್ಲ! ಲೆಕ್ಕ ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. ಕೇಳುಗನ ಹಣವನ್ನು ಅವನು ಕೇಳಿದವರಿಗೇ ಹಂಚುವ ಕ್ರಮವನ್ನು ಸೌಂಡ್‌ಕ್ಲೌಡ್ 2021ರಲ್ಲೇ ಸ್ವತಂತ್ರ ಕಲಾವಿದರಿಗಾಗಿ ತಂದಿದೆ.