ಸಕ್ಕರೆ ಕಾಯಿಲೆಯ ಕಾಲಿಗೆ ಆಕರಕೋಶ: ಭರವಸೆ ಎಷ್ಟು, ಪುರಾವೆ ಎಷ್ಟು?

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ‘ಸ್ಟೆಂಪ್ಯೂಸೆಲ್’ ಕನ್ನಡನಾಡಿನಲ್ಲೇ ಹುಟ್ಟಿದ ಔಷಧ. ದಾನಿಗಳ ಅಸ್ಥಿಮಜ್ಜೆಯ ಆಕರಕೋಶಗಳನ್ನು (ಸ್ಟೆಮ್ ಸೆಲ್) ಪ್ರಯೋಗಾಲಯದಲ್ಲಿ ಬೆಳೆಸಿ ರೋಗಿಯ ಮೀನಖಂಡಕ್ಕೆ ಚುಚ್ಚುತ್ತಾರೆ. ಅವು ಸ್ರವಿಸುವ ರಾಸಾಯನಿಕಗಳಿಂದ ಹೊಸ ಕಿರುನಾಳಗಳು ಚಿಗುರಿ, ಬತ್ತಿದ ಪಾದಕ್ಕೆ ರಕ್ತ ಹರಿಯಲಿ ಎಂಬುದು ಆಶಯ. 2016ರಲ್ಲಿ ಇದಕ್ಕೆ ಕೈಕಾಲಿನ ರಕ್ತನಾಳ ಮುಚ್ಚುವ ಬರ್ಜರ್ ಕಾಯಿಲೆಗಷ್ಟೇ ಸೀಮಿತ ಅನುಮತಿ ಸಿಕ್ಕಿತು. 2020ರಲ್ಲಿ ಕೊಬ್ಬು ಕಟ್ಟಿ ನಾಳ ಮುಚ್ಚಿಹೋದವರಿಗೂ ಅದು ವಿಸ್ತರಿಸಿತು.

ಬೈಪಾಸೂ ಬಲೂನೂ ಆಗದೆ, ಕಾಲು ಕತ್ತರಿಸುವುದೊಂದೇ ದಾರಿ ಎನಿಸಿಕೊಂಡವರಿಗಾಗಿ ನಡೆದ ಈ ಪ್ರಯತ್ನಕ್ಕೆ ಗೌರವ ಸಲ್ಲಲೇಬೇಕು. ಆದರೆ ಬರ್ಜರ್ ಕಾಯಿಲೆ ಹೆಚ್ಚಾಗಿ ಬೀಡಿ, ಸಿಗರೇಟು ಸೇದುವ ಕಿರಿವಯಸ್ಸಿನವರದು. ಅದರ ಮೇಲೆ 2017ರಲ್ಲಿ ಪ್ರಕಟವಾದ 90 ರೋಗಿಗಳ ಅಧ್ಯಯನದಲ್ಲಿ ನೋವು ತಗ್ಗಿ ಹುಣ್ಣು ಮಾಗಿದ್ದು ಕಂಡಿತು. ಆದರೆ ಯಾರಿಗೆ ಏನು ಕೊಟ್ಟರೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಫಲವನ್ನು ಮಧುಮೇಹಿಗಳಿಗೆ ಹಾಗೇ ಅನ್ವಯಿಸಲಾಗದು. ಅವರಲ್ಲಿ ಹಲವರ ನರಗಳೇ ಜೋಮು ಹಿಡಿದಿರುವುದರಿಂದ ನೋವು ಅಳತೆಗೋಲಾಗದು. ನಾಳದ ಗೋಡೆಗೆ ಸುಣ್ಣ ಕಟ್ಟಿ ಗಡುಸಾದಾಗ ಕಣಕಾಲಿನ ರಕ್ತದೊತ್ತಡವೂ ಸುಳ್ಳೇ ಹೆಚ್ಚು ತೋರುತ್ತದೆ. ಕಾಲಿನ ಹೆಬ್ಬೆರಳಿನ ರಕ್ತದೊತ್ತಡ, ಮಾಗಿದ ಗಾಯ, ಉಳಿದ ಕಾಲು ಇವನ್ನೇ ಲೆಕ್ಕ ಹಿಡಿಯಬೇಕು.

ಹುಸಿಮದ್ದಿನೊಂದಿಗೆ ಹೋಲಿಸಿದ ಕಟ್ಟುನಿಟ್ಟಿನ ಪರೀಕ್ಷೆಗಳು ಎಚ್ಚರಿಸುತ್ತವೆ. ನೆದರ್ಲೆಂಡ್ಸ್‌ನಲ್ಲಿ 160 ರೋಗಿಗಳ ಮೇಲೆ ಅವರದೇ ಮಜ್ಜೆಯ ಕೋಶ ಪರೀಕ್ಷಿಸಿದ ‘ಜುವೆಂಟಾಸ್’ (2015), 213 ಜನರ ಮೇಲೆ ಮಾಸಿನ (ಪ್ಲಾಸೆಂಟಾ) ಕೋಶ ಪರೀಕ್ಷಿಸಿದ ‘ಪೇಸ್’ (2024) ಎರಡರಲ್ಲೂ ಕಾಲು ಕತ್ತರಿಸುವುದು ಕಡಿಮೆಯಾಗಲಿಲ್ಲ. ಕೋಶಗಳು ಬೇರೆ, ವಿಧಾನ ಬೇರೆ ಎಂಬುದು ನಿಜ. ಹಾಗೆಂದೇ ಸ್ಟೆಂಪ್ಯೂಸೆಲ್ ಕೂಡ ಮಧುಮೇಹಿಗಳಲ್ಲೇ ಅಂಥ ಪರೀಕ್ಷೆಗೆ ಒಡ್ಡಿಕೊಳ್ಳಬೇಕು.

ಶಹಾಪುರ ತಾಲ್ಲೂಕಿನ ವನದುರ್ಗದಂಥ ಹಳ್ಳಿಯಿಂದ ನೋಡಿದರೆ ಬೆಂಗಳೂರು ಸುಮಾರು ಐದುನೂರು ಕಿಲೋಮೀಟರ್ ದೂರ. ಗದ್ದೆಗೆ ಬರಿಗಾಲಲ್ಲಿ ಇಳಿಯುವ ಮಧುಮೇಹಿ ರೈತನಿಗೆ ಮುಳ್ಳು ಚುಚ್ಚಿದ್ದೇ ತಿಳಿಯದಿದ್ದರೆ, ಬೆರಳು ಕಪ್ಪಾಗುವ ಹೊತ್ತಿಗೆ ಯಾವ ಚುಚ್ಚುಮದ್ದಿಗೂ ತಡವಾಗಿರಬಹುದು. ಹೊಲ ಮಾರಿ ಈ ಚಿಕಿತ್ಸೆಗೆ ಹೋಗಿ ಎಂದು ಹೇಳುವಷ್ಟು ಪುರಾವೆ ಇಂದು ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ನೋಡುವಾಗಲೇ ಚಪ್ಪಲಿ ಬಿಚ್ಚಿಸಿ ಪಾದದ ನಾಡಿ ಮುಟ್ಟುವುದು, ಸ್ಪರ್ಶ ಪರೀಕ್ಷಿಸುವುದು, ತಂಬಾಕು ಬಿಡಿಸುವುದು, ಹುಣ್ಣಾದ ವಾರದೊಳಗೆ ರಕ್ತನಾಳದ ವೈದ್ಯರ ಬಳಿ ಕಳಿಸುವುದು ಕಾಲು ಉಳಿಸುವ ಖಚಿತ ದಾರಿ. ಸರ್ಕಾರದ ಹಣ ಮೊದಲು ಅಲ್ಲಿಗೆ ಹೋಗಲಿ.