ಬಸ್ಸಿನಲ್ಲಿ ಹತ್ತಿ, ನಡೆದು ಇಳಿಯಿರಿ

ಈ ವಾರ ಬೂಟುಗಳ ಬಗ್ಗೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಂಗಡಿಗಳನ್ನು ಸುತ್ತಿ ಟಿಪ್ಪಣಿಯನ್ನೂ ಮಾಡಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಭಾನುವಾರ ಅಕ್ಕನ ಜತೆ ಕುಮಾರ ಪರ್ವತಕ್ಕೆ ಹೋಗಿಬಂದೆ. ರಾತ್ರಿ ಕುಕ್ಕೆಯಿಂದ ಮೈಸೂರಿಗೆ ಮರಳುವ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ ಮೇಲೆ, ಬೂಟಿಗಿಂತ ಮೊದಲು ಹೇಳಬೇಕಾದ ಮಾತೊಂದು ಬಾಕಿ ಇದೆ ಅನ್ನಿಸಿತು. ಬೂಟು ಮುಂದಿನ ವಾರಕ್ಕಿರಲಿ.

ಅಕ್ಕನಿಗೆ ಈಗ 63. ಮೇಷ್ಟರ ಕೆಲಸದಿಂದ ನಿವೃತ್ತಳು. ಹೋದ ಯುಗಾದಿಯ ದಿನ ಎಲೆಗೆ ಒಬ್ಬಟ್ಟು ಹಾಕುತ್ತಾ, "ನಾನೂ ಒಂದ್ಸಲ ಕುಮಾರ ಪರ್ವತ ಹತ್ತಬೇಕು ಕಣೋ" ಅಂದಳು. ಪಕ್ಕದಲ್ಲಿ ಕೂತಿದ್ದ ಮಗ, "ಅಮ್ಮ, ಈ ವಯಸ್ಸಲ್ಲಿ ಅದೆಲ್ಲ ಯಾಕೆ? ದಿನಾ ಅರ್ಧ ಗಂಟೆ ಪಾರ್ಕಲ್ಲಿ ನಡಿ, ಸಾಕು" ಅಂದ. ಅಮ್ಮನ ಮೇಲಿನ ಅಕ್ಕರೆಯಿಂದಲೇ ಆಡಿದ ಮಾತು. ಆದರೂ ತಪ್ಪು ಮಾತು.

ಅರವತ್ತು ದಾಟಿದವರಿಗೆ ಸಣ್ಣ ಗುರಿ ಹಿತ ಎಂಬ ನಂಬಿಕೆಯನ್ನು ಈ ಅಂಕಣದಲ್ಲಿ ನಾನು ಎಷ್ಟೋ ಸಲ ವಿರೋಧಿಸಿದ್ದೇನೆ. ಪಾರ್ಕಿನ ಅರ್ಧ ಗಂಟೆಗೆ ಮಳೆ ಬಂದರೆ ರಜೆ, ನೆಂಟರು ಬಂದರೆ ರಜೆ. ಕಣ್ಣ ಮುಂದೆ 1712 ಮೀಟರಿನ ಬೆಟ್ಟವೊಂದು ನಿಂತರೆ ಹಾಗಲ್ಲ. ರಾತ್ರಿ ಬೇಗ ಮಲಗುವುದು, ತಟ್ಟೆಯಲ್ಲಿ ಕಾಳುಪಲ್ಯ ಹೆಚ್ಚುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುವುದು, ಎಲ್ಲವೂ ಆ ಬೆಟ್ಟದ ಹಿಂದೆ ತಾವಾಗಿ ಬರುತ್ತವೆ. ದೊಡ್ಡ ಗುರಿ ದಿನಚರಿಯನ್ನು ತಿದ್ದುತ್ತದೆ. ಸಣ್ಣ ಗುರಿ ದಿನಚರಿಯ ಸಂದಿಯಲ್ಲಿ ಸಿಕ್ಕಿಕೊಂಡು ಕಳೆದುಹೋಗುತ್ತದೆ.

ಜಪಾನಿನ ಯೂಯಿಚಿರೊ ಮಿಯುರಾ ಅವರ ಕಥೆಯನ್ನು ಅಂದು ಅಕ್ಕನಿಗೆ ಹೇಳಿದೆ. 1970ರಲ್ಲಿ ಎವರೆಸ್ಟಿನ ಸೌತ್ ಕೋಲ್‌ನಿಂದ, ಬೆನ್ನಿಗೆ ಪ್ಯಾರಾಶೂಟ್ ಕಟ್ಟಿಕೊಂಡು ಸ್ಕೀ ಮೇಲೆ ಜಾರಿ ಇಳಿದವರು ಅವರು. ಆ ಸಾಹಸದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಆಮೇಲೆ ಮೈ ಬಿಟ್ಟರು. ಅರವತ್ತೈದರ ಹೊತ್ತಿಗೆ ತೂಕ ಏರಿ, ಊರ ಹತ್ತಿರದ ಐನೂರು ಮೀಟರಿನ ಗುಡ್ಡವನ್ನೂ ಪೂರ್ತಿ ಹತ್ತಲಾಗಲಿಲ್ಲ. ಅಲ್ಲಿಂದ ಹಿಡಿದರು ನೋಡಿ ಗುರಿಯನ್ನು: ಎಪ್ಪತ್ತಕ್ಕೆ ಎವರೆಸ್ಟ್! ಕಾಲಿಗೆ ಭಾರ ಕಟ್ಟಿಕೊಂಡು, ಬೆನ್ನಿಗೆ ಚೀಲ ಹೇರಿಕೊಂಡು ಪೇಟೆಯ ಬೀದಿಯಲ್ಲೇ ನಡೆದರು. 2003ರಲ್ಲಿ 70ರ ಪ್ರಾಯದಲ್ಲಿ ಶಿಖರದ ಮೇಲಿದ್ದರು. 75ಕ್ಕೆ ಮತ್ತೊಮ್ಮೆ, 2013ರಲ್ಲಿ 80ಕ್ಕೆ ಮಗದೊಮ್ಮೆ. ನಡುವೆ 2009ರಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು, ಹೃದಯಕ್ಕೆ ಶಸ್ತ್ರಚಿಕಿತ್ಸೆಯೂ ಆಗಿತ್ತು.

ಸಾಮಾನ್ಯವಾಗಿ ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಆಮೇಲಿನದು. ಎಂಬತ್ತರ ಮಿಯುರಾ ಶಿಖರದಿಂದ 6500 ಮೀಟರಿನ ಶಿಬಿರದವರೆಗೆ ಇಳಿಯುವಷ್ಟರಲ್ಲಿ ಸೋತುಹೋಗಿದ್ದರು. ಅಲ್ಲಿಂದ ಕೆಳಗೆ ಹೆಲಿಕಾಪ್ಟರಿನಲ್ಲಿ ಬಂದರು. ಎವರೆಸ್ಟಿನಿಂದ ಇಳಿದೇ ಹೆಸರಾದ ಮನುಷ್ಯನ ಕಾಲುಗಳಿಗೂ ಎಂಬತ್ತರಲ್ಲಿ ಕಷ್ಟವಾದದ್ದು ಇಳಿಯುವುದೇ. ಅವರ ಸಾಧನೆ ಇದರಿಂದ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ತಡವಾಗಿ ಬೆಟ್ಟಕ್ಕೆ ಬರುವವರು ಯಾವುದನ್ನು ಕಲಿಯಬೇಕು ಎಂಬುದನ್ನು ಮಾತ್ರ ಇದು ಕೈಹಿಡಿದು ತೋರಿಸುತ್ತದೆ.

ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಬಿದ ಕೊಡವನ್ನು ಮೇಲಕ್ಕೆ ಎಳೆಯುವಾಗ ಉಸಿರು ಕಟ್ಟುತ್ತದೆ. ಅದೇ ತುಂಬಿದ ಕೊಡವನ್ನು ಮತ್ತೆ ಮೆಲ್ಲಗೆ ಕೆಳಗಿಳಿಸಬೇಕಾದರೆ? ಹಗ್ಗವನ್ನು ಬಿಗಿ ಹಿಡಿದೇ ಇಷ್ಟಿಷ್ಟೇ ಬಿಡಬೇಕು. ಉಸಿರು ಕಟ್ಟುವುದಿಲ್ಲ, ಅಂಗೈ ಸುಲಿಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಇಳಿಜಾರಿನಲ್ಲಿ ಮಾಡುವುದು ಈ ಕೆಲಸವನ್ನೇ. ಏರುವಾಗ ಅದು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಭಾರ ಹೊತ್ತುಕೊಂಡೇ ಹಿಗ್ಗುತ್ತಾ ಬ್ರೇಕ್ ಹಾಕುತ್ತದೆ. ಎದೆಗೆ ಶ್ರಮ ಕಡಿಮೆ, ಹಾಗಾಗಿ ಸುಲಭ ಅನ್ನಿಸುತ್ತದೆ. ಸ್ನಾಯುವಿನ ಎಳೆಗಳಿಗೆ ಮಾತ್ರ ಒಳಗೊಳಗೇ ಪೆಟ್ಟು ಬೀಳುತ್ತಿರುತ್ತದೆ. ನೋವು ಅಂದೇ ಗೊತ್ತಾಗುವುದಿಲ್ಲ, ಎರಡನೆಯ ದಿನ ಬಂದು ಕೂರುತ್ತದೆ. ದಣಿದ ತೊಡೆ ಬ್ರೇಕ್ ಬಿಟ್ಟಾಗ ಭಾರವೆಲ್ಲ ಮಂಡಿಗೆ, ಆಮೇಲೆ ಕಾಲು ಜಾರುತ್ತದೆ. ಆಲ್ಪ್ಸ್ ಬೆಟ್ಟಗಳಲ್ಲೂ ನಡೆಯುವವರು ಹೆಚ್ಚಾಗಿ ಬೀಳುವುದು ಇಳಿಯುವಾಗಲೇ. ವಯಸ್ಸಾದಂತೆ ಸ್ನಾಯು ಕರಗುತ್ತಾ ಬರುವುದರಿಂದ ನಮ್ಮಂಥವರಿಗೆ ಅಪಾಯ ಇನ್ನೂ ಹತ್ತಿರ.

ಆದರೆ ಇದೇ ಸ್ನಾಯುವಿಗೆ ಒಂದು ದೊಡ್ಡ ಗುಣವಿದೆ. ಒಮ್ಮೆ ಇಳಿಜಾರಿನ ಪೆಟ್ಟು ತಿಂದು ಚೇತರಿಸಿಕೊಂಡರೆ, ಮುಂದಿನ ಕೆಲವು ವಾರ ಅಷ್ಟೇ ಪೆಟ್ಟಿಗೆ ಅದು ಜಗ್ಗುವುದಿಲ್ಲ. ಅಂದರೆ ಇಳಿಯುವುದನ್ನು ಕಲಿಯಬಹುದು, ಅರವತ್ತಮೂರರಲ್ಲೂ ಕಲಿಯಬಹುದು. ಎದೆಗೆ ಹೊರೆ ಕಡಿಮೆಯಾದ್ದರಿಂದ ಏರುವುದಕ್ಕಿಂತ ಮೊದಲೇ ಕಲಿಯಬಹುದು.

ನಾವು ಮೈಸೂರಿನವರು ಮಾಡುವುದು ಇದಕ್ಕೆ ತದ್ವಿರುದ್ಧ. ಬೆಳಗಿನ ಜಾವ ಚಾಮುಂಡಿ ಬೆಟ್ಟದ ಪಾದದಿಂದ 1008 ಮೆಟ್ಟಿಲು ಹತ್ತುತ್ತೇವೆ, ತಾಯಿಗೆ ಕೈಮುಗಿಯುತ್ತೇವೆ, ಬಸ್ಸು ಹಿಡಿದು ಇಳಿಯುತ್ತೇವೆ. ಅಭ್ಯಾಸದ ಅರ್ಧಭಾಗ, ಅದೂ ಬೇಕಾದ ಅರ್ಧಭಾಗ, ಬಸ್ಸಿನ ಪಾಲು. ರಕ್ತದೊತ್ತಡ, ಹೃದಯ, ಮಂಡಿ ಮೂರನ್ನೂ ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆ ಅಕ್ಕನಿಗೆ ಹೇಳಿದ್ದು ಒಂದೇ: "ಮೊದಲ ಎರಡು ತಿಂಗಳು ಬಸ್ಸಲ್ಲಿ ಹತ್ತು, ನಡೆದು ಇಳಿ."

ಶುರುವಿನಲ್ಲಿ ಮೇಲಿನಿಂದ ನಂದಿ ವಿಗ್ರಹದವರೆಗೆ ಇಳಿದು ಅಲ್ಲಿಂದ ರಸ್ತೆ ಸೇರುತ್ತಿದ್ದಳು. ಆಷಾಢದ ಹೊತ್ತಿಗೆ ಪಾದ ಮುಟ್ಟುತ್ತಿದ್ದಳು. ಮೆಟ್ಟಿಲ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಏರುವ ಹೆಂಗಸರು ಎದುರಾಗುತ್ತಿದ್ದರು. ಅವರಿಗೆ ದಾರಿ ಬಿಡಲು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲಬೇಕಾಗುತ್ತಿತ್ತು. ಅದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾನು ಹೇಳಿಕೊಡಲಾರೆ. ಹೆಜ್ಜೆ ಚಿಕ್ಕದು, ಮಂಡಿ ಸಡಿಲ, ಹಿಮ್ಮಡಿಯನ್ನು ಕುಟ್ಟದೆ ಪಾದವನ್ನು ಇಡುವುದು, ಕೋಲನ್ನು ಕಾಲಿಗಿಂತ ಮೊದಲು ಕೆಳಗೆ ಊರುವುದು. ಮೂರನೆಯ ತಿಂಗಳಿಂದ ಹತ್ತುವುದೂ ಸೇರಿಕೊಂಡಿತು, ದಸರೆಯ ಹೊತ್ತಿಗೆ ಹತ್ತಿ ಇಳಿದು ಮತ್ತೆ ಹತ್ತಿ ಇಳಿಯುವಂತಾದಳು.

ಗಡಿಯಾರದವರು ಇದನ್ನು ಒಪ್ಪುವುದಿಲ್ಲ. ಈ ಅಂಕಣದ ಹಳೆಯ ಓದುಗರಿಗೆ ಅವರ ಜತೆಗಿನ ನನ್ನ ಜಗಳ ಗೊತ್ತೇ ಇದೆ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿ, ನಿದ್ದೆಗೆಟ್ಟು ಬೆಟ್ಟ ಓಡಿ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಶಿಖರ ಎಂದು ಕೈಗಡಿಯಾರದ ಚಿತ್ರ ಹಂಚುವ ಪಂಥ ಅದು. ಹುರುಪನ್ನು ನಾನು ದೂರುವುದಿಲ್ಲ. ಆದರೆ ಅವರ ಲೆಕ್ಕ ಶಿಖರದಲ್ಲಿ ನಿಂತುಹೋಗುತ್ತದೆ. ಅದನ್ನು ನೋಡಿ, ಬೆಟ್ಟ ತಮಗಲ್ಲ ಎಂದುಕೊಂಡು ಮನೆಯಲ್ಲೇ ಉಳಿದ ಐವತ್ತು ಅರವತ್ತರ ಎಷ್ಟೋ ಜನರನ್ನು ನಾನು ಬಲ್ಲೆ. ನನ್ನ ತಕರಾರು ಅದಕ್ಕೇ.

ಅವರಿಗೆ ಪ್ರತಿಸಲ ಹೇಳುವ ಕಥೆಯನ್ನೇ ಮತ್ತೆ ಹೇಳುತ್ತೇನೆ. ಮಹಾಭಾರತದ ವನಪರ್ವ. ಗಾಳಿ ಹೊತ್ತು ತಂದ ಸೌಗಂಧಿಕಾ ಪುಷ್ಪವನ್ನು ಕಂಡು, ಇಂಥವು ಇನ್ನಷ್ಟು ಬೇಕು ಅನ್ನುತ್ತಾಳೆ ದ್ರೌಪದಿ. ಭೀಮ ಗಂಧಮಾದನ ಪರ್ವತವನ್ನು ಏರತೊಡಗುತ್ತಾನೆ. ಅದು ನಡಿಗೆಯಲ್ಲ, ದಾಳಿ. ಮರ ಬಳ್ಳಿಗಳನ್ನು ಕಿತ್ತೆಸೆಯುತ್ತಾ, ಕೂಗಿನಿಂದ ಆನೆ ಸಿಂಹಗಳನ್ನು ಬೆದರಿಸುತ್ತಾ ಕದಳೀವನಕ್ಕೆ ಬರುತ್ತಾನೆ. ಅಲ್ಲಿ ಇಕ್ಕಟ್ಟಾದ ದಾರಿಗೆ ಅಡ್ಡಲಾಗಿ ಮುದಿ ಕಪಿಯೊಂದು ಮಲಗಿದೆ. ಕಣ್ಣು ಅರ್ಧ ತೆರೆದು, ನನಗೆ ಹುಷಾರಿಲ್ಲ, ಯಾಕಪ್ಪಾ ಎಬ್ಬಿಸಿದೆ ಎಂದು ಕೇಳುತ್ತದೆ. ದಾರಿ ಬಿಡು ಅನ್ನುತ್ತಾನೆ ಭೀಮ. ಮುಪ್ಪು, ಏಳಲಾರೆ, ಬಾಲವನ್ನು ಸರಿಸಿ ಹೋಗು ಅನ್ನುತ್ತದೆ ಕಪಿ. ಭೀಮ ತಾತ್ಸಾರದಿಂದ ಎಡಗೈ ಹಾಕುತ್ತಾನೆ. ಬಾಲ ಅಲುಗುವುದಿಲ್ಲ. ಎರಡೂ ಕೈ ಹಾಕುತ್ತಾನೆ. ಹುಬ್ಬು ಗಂಟಿಕ್ಕುತ್ತದೆ, ಮೈ ಬೆವರುತ್ತದೆ, ಬಾಲ ಇದ್ದಲ್ಲೇ ಇರುತ್ತದೆ. ತಲೆ ತಗ್ಗಿಸಿ ನಿಂತು, ನೀವು ಯಾರು ಎಂದು ಕೇಳಿದಾಗಲೇ ಅದು ಅಣ್ಣ ಹನುಮಂತ ಎಂದು ತಿಳಿಯುವುದು. ಹೂವಿರುವ ವನದ ದಾರಿಯನ್ನು ತೋರಿಸುವವನೂ ಅವನೇ.

ಗರ್ವಭಂಗದ ಕಥೆ ಎಂದು ಇದನ್ನು ಎಲ್ಲರೂ ಓದುತ್ತಾರೆ. ನಡೆಯುವವನಾಗಿ ನನಗೆ ಕಾಣುವುದು ಇನ್ನೊಂದು. ಅಷ್ಟು ಹೊತ್ತೂ ಭೀಮನಿಗೆ ದಾರಿ ಬೇಕೇ ಆಗಿರಲಿಲ್ಲ, ಬಲವೇ ಸಾಕಾಗಿತ್ತು. ನಿಂತ ಮೇಲೆಯೇ ದಾರಿ ಕೇಳಿದ. ಮುಪ್ಪು ಎಂದು ಅಡ್ಡ ಮಲಗಿದ್ದವನಿಗೆ ಆ ದಾರಿ ಗೊತ್ತಿತ್ತು.

ಇನ್ನು ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇವತ್ತಿಗೂ ಚಾರಣಿಗರ ಕೈಪಿಡಿ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಜತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಳಿಜಾರಿಗೆಂದು ಅವರು ಒಂದು ನಿಮಿಷವನ್ನೂ ಇಟ್ಟಿರಲಿಲ್ಲ. ಮುಂದೆ ಎರಿಕ್ ಲ್ಯಾಂಗ್ಮೂರ್ ಅದನ್ನು ತಿದ್ದಿ, ಕಡಿದಾದ ಇಳಿಜಾರಾದರೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಸೇರಿಸಿ ಎಂದರು. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೋಗಿಬರಲು 25 ಕಿಲೋಮೀಟರಿನಷ್ಟು ದಾರಿ, 1500 ಮೀಟರಿಗೂ ಮಿಕ್ಕಿದ ಏರು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್ ಇದ್ದರೂ ಅಲ್ಲಿ ವಾಹನ ತುದಿಯ ಹತ್ತಿರದವರೆಗೂ ಹೋಗುತ್ತದೆ. ಕುಮಾರ ಪರ್ವತದಲ್ಲಿ ಒಂದೊಂದು ಮೀಟರನ್ನೂ ಕಾಲೇ ಗಳಿಸಬೇಕು, ಕಾಲೇ ತೀರಿಸಬೇಕು. ನೈಸ್ಮಿತ್ ಲೆಕ್ಕದಲ್ಲಿ ಏರಲು ಐದು ಗಂಟೆ ಚಿಲ್ಲರೆ. ಅಕ್ಕನಿಗೆ ಆರೂವರೆ ಎಂದಿಟ್ಟೆ, ಇಳಿಯಲು ಐದು. ಬೆಳಿಗ್ಗೆ ಆರಕ್ಕೆ ಹೊರಟು ಬೆಳಕಿರುವಾಗಲೇ ಕೆಳಗಿರಬೇಕಾದರೆ, ಎಲ್ಲಿದ್ದರೂ ಮಧ್ಯಾಹ್ನ ಹನ್ನೆರಡೂವರೆಗೆ ತಿರುಗುವುದೆಂದು ಹಿಂದಿನ ರಾತ್ರಿಯೇ ಇಬ್ಬರೂ ಮಾತಾಡಿಕೊಂಡೆವು.

ಭಾನುವಾರ ಕಾಡಿನ ದಾರಿಯಲ್ಲಿ ಬೇರುಗಳ ಮೇಲೆ ಹೆಜ್ಜೆ ಆರಿಸುತ್ತಾ, ಮಾತಾಡಲು ಉಸಿರು ಉಳಿಯುವಷ್ಟೇ ವೇಗದಲ್ಲಿ ಏರಿದೆವು. ದಾರಿಯಲ್ಲಿ ಸಿಗುವ ಭಟ್ಟರ ಮನೆ ದಾಟಿದರೆ ಕಾಡು ಮುಗಿದು ಹುಲ್ಲಿನ ಗುಡ್ಡ, ನೆರಳೆಂಬುದಿಲ್ಲ. ಕಲ್ಲು ಮಂಟಪದಲ್ಲಿ ಚಿತ್ರಾನ್ನ ಬಿಚ್ಚಿ ಅರ್ಧ ಗಂಟೆ ಕೂತೆವು. ಶೇಷ ಪರ್ವತದ ನೆತ್ತಿಗೆ ಬಂದಾಗ ಹನ್ನೆರಡು ನಲವತ್ತು. ಎದುರಿಗೇ ಕುಮಾರ ಪರ್ವತ. ನಡುವೆ ಒಂದು ತಗ್ಗು, ಶೋಲಾ ಕಾಡು, ಆಮೇಲೆ ಬಂಡೆಯ ಏರು. ಬಂಡೆಯ ಮೇಲೆ ಜನ ಇರುವೆಗಳಂತೆ ಕಾಣುತ್ತಿದ್ದರು. ಆಸೆ ನನ್ನನ್ನೇ ಹಿಡಿಯಿತು.

"ಇನ್ನೊಂದು ಮುಕ್ಕಾಲು ಗಂಟೆ ಅಕ್ಕ, ಹೋಗಿಬಿಡೋಣ."

ಅಕ್ಕ ಆ ಕಡೆ ನೋಡುತ್ತಲೇ ನೀರು ಕುಡಿದಳು. "ಹನ್ನೆರಡೂವರೆ ಅಂದವನು ಯಾರೋ? ನಡಿ" ಅಂದಳು.

ಇಳಿದೆವು. ಸಡಿಲ ಜಲ್ಲಿಯ ಕಡೆ ಅಡ್ಡಪಾದ ಇಟ್ಟು, ಎರಡೂ ಬಿದಿರುಕೋಲುಗಳನ್ನು ಮುಂದೆ ಊರಿ, ಅವಳು ಚಾಮುಂಡಿ ಬೆಟ್ಟದ ಮೆಟ್ಟಿಲ ಲಯದಲ್ಲೇ ಇಳಿಯುತ್ತಿದ್ದಳು. ಭಟ್ಟರ ಮನೆಯ ಕೆಳಗಿನ ಕಾಡಿನಲ್ಲಿ ಮೂವರು ಹುಡುಗರು ಕಲ್ಲಿನ ಮೇಲೆ ಕೂತಿದ್ದರು. ಬೆಳಿಗ್ಗೆ ನಮ್ಮನ್ನು ದಾಟಿ ಓಡಿದವರು, ಶಿಖರ ಮುಟ್ಟಿ ಬಂದವರು. ಒಬ್ಬನ ತೊಡೆ ಕೂತಲ್ಲೇ ಅದುರುತ್ತಿತ್ತು. ಇಳಿಯುವ ನೋವು ತಾಳದೆ ಹಿಂದುಹಿಂದಾಗಿ ಹೆಜ್ಜೆ ಇಡುತ್ತಾ ಬಂದಿದ್ದನಂತೆ. ಅಕ್ಕ ತನ್ನ ಒಂದು ಕೋಲನ್ನು ಅವನಿಗೆ ಕೊಟ್ಟಳು. "ತಗೋ ಮಗಾ. ಮೊದಲು ಕೋಲು, ಆಮೇಲೆ ಕಾಲು. ಕೆಳಗೆ ಗೇಟಿನ ಹತ್ರ ಕಾಯ್ತಿರ್ತೀನಿ." ಗೇಟಿನ ಬಳಿ ಇಪ್ಪತ್ತು ನಿಮಿಷ ಕಾದೆವು. ಹುಡುಗ ಮುಂದೆ ನೋಡಿಕೊಂಡೇ ಇಳಿದು ಬಂದು ಕೋಲು ಒಪ್ಪಿಸಿದ.

ನಿನ್ನೆ ಮಂಗಳವಾರ, ನೋವು ಬಂದು ಕೂರುವ ಎರಡನೆಯ ದಿನ. ಬೆಳಿಗ್ಗೆಯೇ ಫೋನ್ ಮಾಡಿ, "ತೊಡೆ ಹೇಗಿದೆ ಅಕ್ಕ?" ಎಂದು ಕೇಳಿದೆ.

"ಮೆಟ್ಟಿಲು ಇಳಿಯುವಾಗ ಚೂರು ಹಿಡಿಯುತ್ತೆ, ಅಷ್ಟೇ. ಮುಂದಿನ ತಿಂಗಳಿಗೆ ಟಿಕೆಟ್ ಬುಕ್ ಮಾಡು. ಮಂಟಪದಲ್ಲಿ ಅರ್ಧ ಗಂಟೆ ಕೂತ್ವಲ್ಲ, ಈ ಸಲ ಅದು ಬೇಡ. ನಡೀತಾನೇ ತಿನ್ನೋಣ."