ತೀರ್ಮಾನ ಉಳಿದು ವಾದ ಕಳೆದ ಓದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪದವಿ ವಿದ್ಯಾರ್ಥಿಗೆ ಪ್ಲೇಟೋ, ಅರಿಸ್ಟಾಟಲ್ ಎದುರಾಗುವುದು ಬಹುಮಟ್ಟಿಗೆ ರಾಜ್ಯಶಾಸ್ತ್ರದ ಪಾಶ್ಚಾತ್ಯ ರಾಜಕೀಯ ಚಿಂತನೆಯ ಪಾಠದಲ್ಲಿ. ಅಲ್ಲಿ ಪ್ಲೇಟೋ ಅಂದರೆ ಆದರ್ಶ ರಾಜ್ಯ, ತತ್ತ್ವಜ್ಞಾನಿ ದೊರೆ. ಅರಿಸ್ಟಾಟಲ್ ಅಂದರೆ ಸರ್ಕಾರಗಳ ವರ್ಗೀಕರಣ. ಅಗಸ್ಟೀನ್ ಅಂದರೆ ಎರಡು ನಗರಗಳು. ಅಕ್ವಿನಾಸ್ ಅಂದರೆ ನಾಲ್ಕು ಬಗೆಯ ಕಾನೂನು. ಪರೀಕ್ಷೆಗೆ ಇಷ್ಟು ಸಾಕು, ಚಿಂತನೆಗೆ ಸಾಲದು. ತೀರ್ಮಾನಗಳು ಉಳಿದಿವೆ, ಅವುಗಳನ್ನು ಹುಟ್ಟಿಸಿದ ವಾದ ಬಿದ್ದುಹೋಗಿದೆ.

ಪ್ಲೇಟೋನ ‘ರಿಪಬ್ಲಿಕ್’ನ ಮೊದಲ ಪುಸ್ತಕದಲ್ಲಿ ಥ್ರಾಸಿಮ್ಯಾಕಸ್, ನ್ಯಾಯವೆಂದರೆ ಬಲಶಾಲಿಯ ಹಿತ ಎಂದು ಹಟ ಹಿಡಿಯುತ್ತಾನೆ. ಮುಂದಿನ ಒಂಬತ್ತು ಪುಸ್ತಕಗಳು ಹುಡುಕುವುದು ಆ ಮಾತಿಗೆ ಉತ್ತರವನ್ನೇ. ಅವನನ್ನು ಕೈಬಿಟ್ಟು ಓದಿದರೆ ಆದರ್ಶ ರಾಜ್ಯ ಯಾರದೋ ವಿಚಿತ್ರ ಕನಸಾಗಿ ಕಾಣುತ್ತದೆ. ಪ್ಲೇಟೋನ ಸಂವಾದಗಳನ್ನು ತಂದುಕೊಡುವ ಎ.ಎನ್. ಮೂರ್ತಿರಾಯರ ‘ಸಾಕ್ರಟೀಸನ ಕೊನೆಯ ದಿನಗಳು’ ಕನ್ನಡದಲ್ಲೇ ಇರುವಾಗ ಟಿಪ್ಪಣಿಗಳಿಗೆ ಜೋತುಬೀಳಬೇಕಾದ ಅಗತ್ಯವೂ ಇಲ್ಲ.

ಮಧ್ಯಯುಗಕ್ಕೆ ಆಗಿರುವ ಅನ್ಯಾಯ ಇನ್ನೂ ದೊಡ್ಡದು. 13ನೆಯ ಶತಮಾನದ ಅಕ್ವಿನಾಸ್ ಪ್ರತಿ ಪ್ರಶ್ನೆಗೂ ಮೊದಲು ಎದುರಾಳಿಯ ಆಕ್ಷೇಪಗಳನ್ನು ಮಂಡಿಸಿ, ತನ್ನ ಉತ್ತರ ಹೇಳಿ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ ಕೊಡುತ್ತಾನೆ. ಪೂರ್ವಪಕ್ಷ, ಸಿದ್ಧಾಂತಗಳ ಪರಂಪರೆಯಲ್ಲಿ ಬೆಳೆದ ನಾಡಿಗೆ ಈ ಕ್ರಮ ಅಪರಿಚಿತವಲ್ಲ. ಆದರೂ ಕೈಪಿಡಿಗಳು ಪೂರ್ವಪಕ್ಷವನ್ನೇ ಕತ್ತರಿಸಿಹಾಕುತ್ತವೆ.

ವಾದವನ್ನು ಮರಳಿ ತರುವ ಓದಿಗೆ ಬೇಕಾದ ಪ್ರಶ್ನೆ ಕೊಪ್ಪಳದ ಬಂಡೆಯ ಮೇಲೆಯೇ ಇದೆ. ಜೈನರ ಕೊಪಣ ತೀರ್ಥವಾಗಿದ್ದ ಇಲ್ಲಿನ ಕ್ರಿ.ಶ. 881ರ ಶಾಸನ, ಊರಿಗೂ ತೀರ್ಥಕ್ಕೂ ನೆರವಾಗಿದ್ದು, ಬಹುಕಾಲ ತಪಸ್ಸು ಮಾಡಿ, ಸನ್ಯಸನದಿಂದ, ಅಂದರೆ ಆಹಾರ ತೊರೆಯುವ ಸಲ್ಲೇಖನ ವ್ರತದಿಂದ, ದೇಹ ಬಿಟ್ಟ ಸರ್ವಣಂದಿ ಭಟಾರರನ್ನು ನೆನೆಯುತ್ತದೆ. ತಾನಾಗಿ ದೇಹ ಬಿಡುವುದು ಸರಿಯೇ? ಮನುಷ್ಯ ದೇವತೆಗಳ ಸ್ವತ್ತು, ಅವರ ಅಪ್ಪಣೆಯಿಲ್ಲದೆ ಹೋಗಬಾರದು ಎಂದು ಪ್ಲೇಟೋನ ‘ಫೀಡೋ’ ಸಂವಾದದ ಸಾಕ್ರಟೀಸ್ ಹೇಳುತ್ತಾನೆ. ತಕ್ಕ ಕಾರಣವಿದ್ದರೆ ಹೋಗಬಹುದು ಎಂದರು ಸ್ಟೋಯಿಕರು. ಅಗಸ್ಟೀನ್ ಒಪ್ಪಲಿಲ್ಲ. ಅಕ್ವಿನಾಸ್ ಮೂರು ಕಾರಣ ಕೊಟ್ಟ: ಅದು ಸ್ವಭಾವಕ್ಕೆ ವಿರುದ್ಧ, ಸಮುದಾಯಕ್ಕೆ ಅನ್ಯಾಯ, ದೇವರು ಕೊಟ್ಟ ಜೀವದ ಮೇಲೆ ಅತಿಕ್ರಮ. ಎರಡನೆಯದು ಅರಿಸ್ಟಾಟಲನಿಂದ ಬಂದದ್ದು.

ರಾಗದ್ವೇಷವಿಲ್ಲದ ಸಲ್ಲೇಖನ ಆತ್ಮಹತ್ಯೆಯಲ್ಲ ಎಂಬ ಜೈನ ವಾದವನ್ನು ಇವುಗಳ ಎದುರಿಗಿಟ್ಟು ತರಗತಿಯಲ್ಲಿ ಚರ್ಚಿಸಬೇಕು. ಅಕ್ವಿನಾಸನ ಮೊದಲ ಕಾರಣಕ್ಕೆ ಅದು ನೇರವಾಗಿ ಎದುರು ನಿಲ್ಲುತ್ತದೆ. ಸೃಷ್ಟಿಕರ್ತನನ್ನೇ ಒಪ್ಪದ ಜೈನರಿಗೆ ಮೂರನೆಯದು ತಾಗುವುದಿಲ್ಲ. ಕಠಿಣವಾದದ್ದು ಎರಡನೆಯದು, ಊರಿಗೆ ಉಪಕಾರಿಯಾಗಿದ್ದ ಭಟಾರರಂಥವರ ವಿಷಯದಲ್ಲಂತೂ ಅದಕ್ಕೆ ಸುಲಭದ ಉತ್ತರ ಸಿಗದು.